ಗಕಾರದ ಮೌನ

ಇಂಗ್ಲಿಷ್ ನಿಘಂಟಿನಲ್ಲಿ ಆರಕ್ಷರದ ಒಂದು ಸಣ್ಣ ಪದವುಂಟು. ಜಿ, ಎನ್, ಇ, ಐ, ಎಸ್, ಎಸ್ ಎಂದು ಅದರ ಬರವಣಿಗೆ. 'ನೈಸ್' ಎಂದು ಅದರ ಉಚ್ಚಾರ. ಮೊದಲನೆಯ ಅಕ್ಷರಕ್ಕೆ ಅಲ್ಲಿ ಸ್ಥಾನವುಂಟು, ದನಿಯಿಲ್ಲ. ಭೂವಿಜ್ಞಾನವನ್ನು ಅಭ್ಯಾಸಮಾಡುವವರನ್ನು ಬಿಟ್ಟರೆ ಇಂಗ್ಲಿಷ್ ಬಲ್ಲವರಲ್ಲಿಯೂ ಬಹುಮಂದಿ ಈ ಪದವನ್ನು ಜೀವಮಾನದಲ್ಲಿ ಒಮ್ಮೆಯೂ ಬಳಸಿರಲಾರರು. ಆದರೆ ವಿರಳವಾದದ್ದು ಪದವೇ ಹೊರತು ಪದಾರ್ಥವಲ್ಲ. ಪೂರ್ವದ ವೈಟ್‌ಫೀಲ್ಡಿನಿಂದ ವಾಯವ್ಯದ ಪೀಣ್ಯದವರೆಗೆ, ಅಲ್ಲಿಂದ ದಕ್ಷಿಣದ ಎಲೆಕ್ಟ್ರಾನಿಕ್ ಸಿಟಿಯವರೆಗೆ, ಬೆಂಗಳೂರಿನ ಹೊರವಲಯದಲ್ಲಿ ಎಲ್ಲಿ ಅಡಿಪಾಯ ತೋಡಿದರೂ ಕೆಂಪುಮಣ್ಣಿನ ಕೆಳಗೆ ಕೊನೆಗೆ ಎದುರಾಗುವುದು ಸಾಮಾನ್ಯವಾಗಿ ಈ ಪದವು ಹೆಸರಿಸುವ ಕಲ್ಲೇ. ಕೊಳವೆಬಾವಿ ಕೊರೆಯುವಾಗ ಬಿಳಿಬೂದು ಬಣ್ಣದ ಹುಡಿ ಮೇಲೆದ್ದು ಅಕ್ಕಪಕ್ಕದ ಮನೆಗಳ ಗಿಡಮರಗಳನ್ನೆಲ್ಲ ಮುಚ್ಚುವುದನ್ನು ಆ ಭಾಗದಲ್ಲಿ ಕಾಣದವರಿಲ್ಲ. ಆ ಹುಡಿಯೂ ಅದರದೇ.

ಕಲ್ಲಿನ ವಿಚಾರವನ್ನು ಮೊದಲು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಭೂಗರ್ಭದ ತಾಪ ಮತ್ತು ಒತ್ತಡಗಳಿಗೆ ಸಿಕ್ಕಿದ ಶಿಲೆಯೊಂದು ತನ್ನ ಹಳೆಯ ರೂಪವನ್ನು ಕಳೆದುಕೊಂಡು, ಅದರೊಳಗಿನ ಖನಿಜಗಳು ಸಾಲುಗೂಡಿ ನಿಂತಾಗ ನೈಸ್ ಆಗುತ್ತದೆ. ಬೆಣಚು ಮತ್ತು ಫೆಲ್ಡ್‌ಸ್ಪಾರ್‌ಗಳ ಬಿಳಿಯ ಪಟ್ಟೆ, ಕರಿಯ ಅಭ್ರಕ ಮತ್ತು ಹಾರ್ನ್‌ಬ್ಲೆಂಡ್‌ಗಳ ಕಪ್ಪು ಪಟ್ಟೆ, ಮತ್ತೆ ಬಿಳಿಯದು, ಮತ್ತೆ ಕಪ್ಪು: ಇದೇ ಅದರ ಗುರುತು. ಗ್ರಾನೈಟಿನಲ್ಲಿಯೂ ಬಹುಮಟ್ಟಿಗೆ ಇವೇ ಖನಿಜಗಳುಂಟು. ಆದರೆ ಅಲ್ಲಿ ಅವು ಸಂತೆಯ ಜನದಂತೆ ಬೆರೆತಿರುತ್ತವೆ, ಇಲ್ಲಿ ಪಂಕ್ತಿಯಲ್ಲಿ ಕುಳಿತಂತಿರುತ್ತವೆ. ರಾಮನಗರದ ಬೆಟ್ಟಗಳು ಗ್ರಾನೈಟಿನವು. ಲಾಲ್‌ಬಾಗಿನ ಬಂಡೆ ನೈಸಿನದು. ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯ ಡಬ್ಲ್ಯು. ಎಫ್. ಸ್ಮೀತ್ ಅವರು 1916ರಲ್ಲಿ ಈ ಶಿಲಾಸಮೂಹಕ್ಕೆ 'ಪೆನಿನ್ಸುಲರ್ ನೈಸ್', ಎಂದರೆ ಪರ್ಯಾಯದ್ವೀಪದ ನೈಸ್, ಎಂದು ಹೆಸರಿಟ್ಟರು. ಲಾಲ್‌ಬಾಗಿನ ಬಂಡೆಗೆ ಸುಮಾರು 300 ಕೋಟಿ ವರ್ಷಗಳ ವಯಸ್ಸೆಂದು ಲೆಕ್ಕ. ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಲಾಗಿದೆ. ಅದರ ನೆತ್ತಿಯ ಮೇಲಿನ ಕೆಂಪೇಗೌಡನ ಗೋಪುರವನ್ನು ನೋಡಲು ಬರುವವರು ಕಾಲಡಿಯ ಬಂಡೆಯನ್ನು ನೋಡುವುದು ಕಡಿಮೆ.

ಇನ್ನು ಪದದ ವಿಚಾರ. ಇದು ಮೂಲತಃ ಜರ್ಮನ್ ಭಾಷೆಯದು. ಸ್ಯಾಕ್ಸನಿಯ ಬೆಟ್ಟಸೀಮೆಯ ಗಣಿಗಾರರ ಬಾಯಲ್ಲಿ ಬೆಳೆದು, 1765ರಲ್ಲಿ ಸ್ಥಾಪಿತವಾದ ಫ್ರೈಬರ್ಗ್ ಗಣಿವಿದ್ಯಾಲಯದಂಥ ಕಡೆಗಳ ಪಂಡಿತರ ಮೂಲಕ ಶಾಸ್ತ್ರದೊಳಕ್ಕೆ ಬಂದ ಮಾತು. ಹಳೆಯ ಜರ್ಮನಿನಲ್ಲಿ 'ಕಿಡಿ' ಎಂಬರ್ಥವುಳ್ಳ 'ಗ್ನೈಸ್ಟ್' ಎಂಬ ಶಬ್ದದಿಂದ ಇದು ಹುಟ್ಟಿರಬಹುದೆಂದು ನಿಘಂಟುಕಾರರ ಊಹೆ. ಒಡೆದ ಕಲ್ಲಿನ ಮೈಯಲ್ಲಿ ಅಭ್ರಕದ ಚೂರುಗಳು ಬಿಸಿಲಿಗೆ ಮಿನುಗುವುದನ್ನು ಕಂಡವರಿಗೆ ಈ ಊಹೆ ಒಪ್ಪಿಗೆಯಾಗದೆ ಇರದು. ನಮ್ಮವರು ಅದೇ ಅಭ್ರಕವನ್ನು 'ಕಾಗೆಬಂಗಾರ'ವೆಂದು ಕರೆದರು. ಜರ್ಮನ್ ಗಣಿಗಾರನಿಗೆ ಕಿಡಿಯಾಗಿ ಕಂಡದ್ದು ಕನ್ನಡಿಗನಿಗೆ ಕಾಗೆಯನ್ನು ಮರುಳುಗೊಳಿಸುವ ಹುಸಿ ಹೊನ್ನಾಗಿ ಕಂಡಿತು. ಕನ್ನಡದ ಹೆಸರಿನಲ್ಲಿ ಸ್ವಲ್ಪ ಹಾಸ್ಯವೂ ಹೆಚ್ಚಿಗೆ ಸೇರಿದೆ.

ಜರ್ಮನರು ಇಂದಿಗೂ ಈ ಪದದ ಗಕಾರವನ್ನು ಬಿಡದೆ 'ಗ್ನೈಸ್' ಎಂದೇ ನುಡಿಯುತ್ತಾರೆ. ಇಂಗ್ಲಿಷರೂ ಒಂದು ಕಾಲದಲ್ಲಿ ಪದಾದಿಯ ಗಕಾರ ನಕಾರಗಳ ಜೋಡಿಯನ್ನು ಎರಡೂ ಕೇಳುವಂತೆ ಉಚ್ಚರಿಸುತ್ತಿದ್ದರು. ಸೊಳ್ಳೆಯಂಥ ಕೀಟವನ್ನು ಹೇಳುವ 'ನ್ಯಾಟ್', ಕಡಿಯುವುದನ್ನು ಹೇಳುವ 'ನಾ' ಮೊದಲಾದ ಪದಗಳ ಬರವಣಿಗೆಯಲ್ಲಿ ಮೊದಲು ಗಕಾರ ನಿಂತಿರುವುದು ಆ ಕಾಲದ ಕುರುಹು. 17ನೆಯ ಶತಮಾನದಲ್ಲಿ ಆ ಗಕಾರ ಬಾಯಿಂದ ಜಾರಿಹೋಯಿತು. ಪುಸ್ತಕದಲ್ಲಿ ಮಾತ್ರ ಉಳಿಯಿತು. ಶಿಲೆಯ ಹೆಸರು ಇಂಗ್ಲಿಷಿಗೆ ಬಂದದ್ದು 18ನೆಯ ಶತಮಾನದಲ್ಲಿ. ಆ ವೇಳೆಗೆ ಬಾಗಿಲು ಮುಚ್ಚಿತ್ತು. ಆದ್ದರಿಂದ ಈ ಪದದ ಗಕಾರ ಇಂಗ್ಲಿಷ್ ನೆಲದಲ್ಲಿ ಮಾತುಕಳೆದುಕೊಂಡದ್ದಲ್ಲ, ಮೂಕವಾಗಿಯೇ ಕಾಲಿಟ್ಟದ್ದು.

ಆದರೆ ಅದೇ ಇಂಗ್ಲಿಷರು 'ಅಗ್ನಾಸ್ಟಿಕ್' ಎನ್ನುವಾಗ, 'ಡಯಾಗ್ನೋಸಿಸ್' ಎನ್ನುವಾಗ ಗಕಾರವನ್ನು ಸ್ಪಷ್ಟವಾಗಿ ಹೇಳುತ್ತಾರಲ್ಲ, ಅದೇಕೆ? ಇದಕ್ಕೆ ಉತ್ತರ ನಮ್ಮ ಛಂದಶ್ಶಾಸ್ತ್ರದಲ್ಲಿಯೇ ಇದೆಯೆಂದರೆ ವಾಚಕರು ಆಶ್ಚರ್ಯಪಡಬಾರದು. 'ಅಗ್ನಿ' ಎಂಬ ಪದಕ್ಕೆ ಪ್ರಸ್ತಾರ ಹಾಕುವಾಗ ಮೊದಲ ಅಕ್ಷರವನ್ನು ಗುರುವೆಂದು ಎಣಿಸುತ್ತೇವೆ. ಅಕಾರ ಹ್ರಸ್ವವೇ ಆದರೂ ಮುಂದೆ ಒತ್ತಕ್ಷರವಿದೆ. ಒತ್ತಕ್ಷರದ ಮೊದಲ ವ್ಯಂಜನವಾದ ಗಕಾರ ಹಿಂದಿನ ಅಕಾರಕ್ಕೆ ಆತುಕೊಂಡು ಅದನ್ನು ಭಾರವಾಗಿಸುತ್ತದೆ. ಬರೆಯುವುದು 'ಅ-ಗ್ನಿ' ಎಂದು, ನುಡಿಯುವುದು 'ಅಗ್-ನಿ' ಎಂದು. ಲಗ್ನ, ಮಗ್ನ, ವಿಘ್ನಗಳಲ್ಲಿಯೂ ಹೀಗೆಯೇ. ಒರಗಲು ಹಿಂದೊಂದು ಸ್ವರವಿದ್ದರೆ ಗಕಾರ ಬದುಕುತ್ತದೆ. ಪದದ ತುದಿಬಾಗಿಲಲ್ಲಿ ಒಂಟಿಯಾಗಿ ನಿಲ್ಲಿಸಿದರೆ ಬೀಳುತ್ತದೆ. ನಾವು ದಿನಬಳಕೆಯಲ್ಲಿಟ್ಟುಕೊಂಡಿರುವ ಮಾತುಗಳಲ್ಲಿ 'ಗ್ನ' ಎಂದು ಬರೆದು ಆರಂಭಿಸುವುದು ಒಂದಾದರೂ ನನಗೆ ತೋಚುವುದಿಲ್ಲ.

ಈ ವಿಚಾರಗಳು ನನ್ನ ತಲೆಗೆ ಹತ್ತಿದ್ದು ಪುಸ್ತಕದಿಂದಲ್ಲ. ಪೀಣ್ಯದ ಆಚೆಗಿನ ಕಾಲೇಜೊಂದರಲ್ಲಿ ಕನ್ನಡ ಸಂಘದ ಸಭೆ. ವಿದ್ಯಾರ್ಥಿಯೊಬ್ಬ ನಮ್ಮ ನಾಡಿನ ಕಲ್ಲುಗಳ ವಿಷಯವಾಗಿ ತಾನೇ ಬರೆದ ಪ್ರಬಂಧವನ್ನು ಓದುತ್ತಿದ್ದ. ಹುಡುಗ ಕನ್ನಡ ಮಾಧ್ಯಮದಲ್ಲಿ ಓದಿ ಬಂದವನು. ಅವನ ತಂದೆ ಆನೇಕಲ್ ಕಡೆಯ ಕಲ್ಲುಗಣಿಗಳಲ್ಲಿ ಬಹುಕಾಲ ದುಡಿದವರು. 'ಗ್ನೈಸ್' ಎಂದು ಅವನು ಓದಿದೊಡನೆ ಹಿಂದಿನ ಸಾಲಿನಿಂದ ನಗೆಯೆದ್ದಿತು. ಯಾರೋ ಅಲ್ಲಿಂದಲೇ 'ನೈಸ್, ನೈಸ್' ಎಂದು ತಿದ್ದಿದರು. ಹುಡುಗನ ದನಿ ಅಲ್ಲಿಂದ ಮುಂದೆ ತಗ್ಗಿತು. ಪ್ರಬಂಧದ ಉಳಿದ ಭಾಗವನ್ನು ಅವನು ಹೇಗೋ ಓದಿ ಮುಗಿಸಿದ. ಸಭೆ ಚದುರಿದ ಮೇಲೆ ನನ್ನ ಬಳಿಗೆ ಬಂದು ಕೇಳಿದ್ದು ಒಂದೇ ಪ್ರಶ್ನೆ: "ಸಾರ್, ಬರೆದದ್ದನ್ನೇ ಅಲ್ಲವೇ ನಾನು ಓದಿದ್ದು?"

ಅವನು ನೋಡಿಕೊಂಡಿದ್ದ ಕನ್ನಡ ಪುಸ್ತಕದಲ್ಲಿ 'ಗ್ನೈಸ್' ಎಂದೇ ಅಚ್ಚಾಗಿತ್ತು. ಕನ್ನಡದಲ್ಲಿ ಅಕ್ಷರ ಕಲಿತ ಮಗುವಿಗೆ ಬರೆದ ಅಕ್ಷರ ನುಡಿಯುತ್ತದೆ ಎಂಬುದು ನಂಬಿಕೆಯಷ್ಟೇ ಅಲ್ಲ, ಅನುಭವ. ಅ ಎಂದರೆ ಅ, ಗ ಎಂದರೆ ಗ. ಮೂಕಾಕ್ಷರವೆಂಬ ಕಲ್ಪನೆಯೇ ಅದರ ಲೋಕದಲ್ಲಿಲ್ಲ. ಅಂಥ ಲಿಪಿಯಲ್ಲಿ ಇಂಗ್ಲಿಷಿನ ಮೂಕ ಗಕಾರವನ್ನು ತಂದು ಕೂರಿಸಿದವರು, ಆ ಲಿಪಿಯನ್ನು ನಂಬಿದವನನ್ನು ನಗೆಗೀಡುಮಾಡಿದಂತಾಯಿತು. ತಪ್ಪು ಓದಿದವನದಲ್ಲ, ಬರೆದವರದು.

ಹಾಗಾದರೆ ನಮ್ಮಲ್ಲಿ ಬರಹಕ್ಕೂ ನುಡಿಗೂ ಅಂತರವೇ ಇಲ್ಲವೇ ಎಂದು ಯಾರಾದರೂ ಆಕ್ಷೇಪಿಸಬಹುದು. ಇಲ್ಲದೆ ಏನು, ಉಂಟು. 'ಜ್ಞಾನ'ವನ್ನೇ ತೆಗೆದುಕೊಳ್ಳಿ. ಬರವಣಿಗೆಯಲ್ಲಿ ಜಕಾರಕ್ಕೆ ಞಕಾರದ ಒತ್ತು. ನುಡಿಯುವಾಗ ಒಬ್ಬರು 'ಗ್ಯಾನ' ಎನ್ನುತ್ತಾರೆ, ಮತ್ತೊಬ್ಬರು 'ಗ್ನಾನ' ಎನ್ನುತ್ತಾರೆ. ಜಕಾರ ಯಾರ ಬಾಯಲ್ಲಿಯೂ ಕೇಳಿಬರುವುದಿಲ್ಲ. ವಿನೋದವೆಂದರೆ, ಸಂಸ್ಕೃತದ 'ಜ್ಞಾ', ಗ್ರೀಕಿನ 'ಗ್ನೋ', ತಿಳಿಯುವುದೆಂಬ ಅರ್ಥದ ಇಂಗ್ಲಿಷಿನ 'ನೋ', ಈ ಮೂರೂ ಒಂದೇ ಬೇರಿನವು. ಇಂಗ್ಲಿಷಿನ 'ನೋ' ಪದದ ಮೊದಲಿಗೂ ಒಂದು ಮೂಕಾಕ್ಷರ, ಕಕಾರದ್ದು, ನಿಂತಿದೆ. ಆ ಬೇರಿನ ಮೊದಲ ವ್ಯಂಜನ ಎರಡು ಖಂಡಗಳ ನಾಲಿಗೆಗಳಿಗೂ ತೊಡಕಾಗಿಯೇ ಬಂದಿದೆ ಎಂದಾಯಿತು.

ಆದರೆ ಕನ್ನಡ ಈ ತೊಡಕನ್ನು ಬಿಡಿಸಿಕೊಂಡ ಬಗೆ ಬೇರೆ. ಅದು ಬಾಯಲ್ಲಿ ಬಿಟ್ಟದ್ದನ್ನು ಬರಹದಲ್ಲಿಯೂ ಬಿಟ್ಟಿತು. 'ವಿಜ್ಞಾಪನ' ಕನ್ನಡಕ್ಕೆ ಬಂದು 'ಬಿನ್ನಪ'ವಾಯಿತು. 'ಸಂಜ್ಞೆ' 'ಸನ್ನೆ'ಯಾಯಿತು, 'ಯಜ್ಞ' 'ಜನ್ನ'ವಾಗಿ ಒಬ್ಬ ಮಹಾಕವಿಯ ಹೆಸರೂ ಆಯಿತು, 'ವಿಜ್ಞಾನ' 'ಬಿನ್ನಣ'ವಾಗಿ, 'ಆಜ್ಞೆ' 'ಆಣೆ'ಯಾಗಿ ಮನೆಮಾತಾದವು. ಇವುಗಳಲ್ಲೆಲ್ಲ ಹೋದದ್ದು ಮೊದಲ ವ್ಯಂಜನ, ಉಳಿದದ್ದು ಮೂಗಿನ ವ್ಯಂಜನ. ಇಂಗ್ಲಿಷ್ ನಾಲಿಗೆ ಮಾಡಿದ ಕೆಲಸವೂ ಇದೇ. ಎಲ್ಲ ಕಡೆಯೂ ಹೀಗೆಯೇ ಆಗುತ್ತದೆಂದು ಸೂತ್ರ ಕಟ್ಟುವಂತಿಲ್ಲ: 'ಅಗ್ನಿ' 'ಅಗ್ಗಿ'ಯಾದಲ್ಲಿ ಸೋತದ್ದು ನಕಾರ, 'ಜ್ಞಾನ'ದಿಂದ 'ಜಾಣ' ಬಂದಲ್ಲಿ ಗೆದ್ದದ್ದು ಜಕಾರ. ಎರಡು ವಿಜಾತೀಯ ವ್ಯಂಜನಗಳು ಒಂದೇ ಮನೆಯಲ್ಲಿ ಬಹುಕಾಲ ಬಾಳಲಾರವು. ಯಾವುದು ಹೊರಡುತ್ತದೆ ಎಂಬುದಷ್ಟೇ ಪ್ರಶ್ನೆ. 13ನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಇಂಥ ಮಾರ್ಪಾಡುಗಳಿಗಾಗಿ ಅಪಭ್ರಂಶ ಪ್ರಕರಣವೆಂದು ಒಂದು ಭಾಗವನ್ನೇ ಮೀಸಲಿಟ್ಟನು. ಹೆಸರು 'ಅಪಭ್ರಂಶ'ವಾದರೂ ಅವನು ಅವನ್ನು ಭ್ರಷ್ಟರೂಪಗಳೆಂದು ಹೊರಗಿಡಲಿಲ್ಲ, ನಿಯಮ ಹೇಳಿ ಒಳಗೆ ಕೂರಿಸಿದ.

ಅದೇ ಕೇಶಿರಾಜನ ಗ್ರಂಥದಲ್ಲಿ ರಳವೆಂಬ ಅಕ್ಷರದ ಕಥೆಯೂ ಇದೆ. 'ಏೞು', 'ಪೞೆಯ' ಎಂಬಲ್ಲಿ ಬರುತ್ತಿದ್ದ ಆ ಧ್ವನಿ ಅವನ ಕಾಲಕ್ಕೆ ಜನರ ಬಾಯಲ್ಲಿ ಮಾಸುತ್ತ ಬಂದಿತ್ತು. ಯಾವ ಪದದಲ್ಲಿ ರಳ, ಯಾವುದರಲ್ಲಿ ಳ ಎಂಬ ಗೊಂದಲ ತಪ್ಪಲೆಂದು ಅವನು ರಳವಿರುವ ಪದಗಳ ಪಟ್ಟಿಯನ್ನೇ ಕೊಡಬೇಕಾಯಿತು. ಕಡೆಗೆ ಕನ್ನಡಿಗರು ಧ್ವನಿಯ ಹಿಂದೆ ಅಕ್ಷರವನ್ನೂ ಕಳುಹಿಸಿಕೊಟ್ಟರು. 'ಏಳು', 'ಹಳೆಯ' ಎಂದು ಬರೆಯತೊಡಗಿದರು. ಇಂಗ್ಲಿಷರಾಗಿದ್ದರೆ ಇಂದಿಗೂ ರಳವನ್ನು ಬರೆಯುತ್ತ, ಓದುವಾಗ ಮಕ್ಕಳಿಗೆ 'ಅದನ್ನು ಹೇಳಬೇಡ' ಎಂದು ಕಿವಿ ಹಿಂಡುತ್ತಿದ್ದರೋ ಏನೋ!

ಇಲ್ಲೊಂದು ಕಾಕತಾಳೀಯವನ್ನು ಹೇಳದಿರಲಾರೆ. ಶಬ್ದಮಣಿದರ್ಪಣವನ್ನು 1872ರಲ್ಲಿ ಪರಿಷ್ಕರಿಸಿ ಅಚ್ಚು ಹಾಕಿಸಿದವರು ರೆವರೆಂಡ್ ಎಫ್. ಕಿಟ್ಟೆಲ್. ಅವರ ಕನ್ನಡ-ಇಂಗ್ಲಿಷ್ ಮಹಾಕೋಶ ಮಂಗಳೂರಿನಲ್ಲಿ ಹೊರಬಂದದ್ದು 1894ರಲ್ಲಿ. ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆ ಸ್ಥಾಪಿತವಾದದ್ದೂ 1894ರಲ್ಲಿಯೇ. ಒಂದು ಕಡೆ ನಾಡಿನ ನುಡಿಯ ಅಗೆತ, ಇನ್ನೊಂದು ಕಡೆ ನಾಡಿನ ನೆಲದ ಅಗೆತ. ಕಿಟ್ಟೆಲರು ಜರ್ಮನರು. ನಮ್ಮ ವಿದ್ಯಾರ್ಥಿ ಅಂದು ಅವರೆದುರು ಆ ಪದವನ್ನು ಓದಿದ್ದರೆ ನಗೆಯ ಪ್ರಶ್ನೆಯೇ ಬರುತ್ತಿರಲಿಲ್ಲ. ಅವರ ತಾಯ್ನುಡಿಯಲ್ಲಿ ಅದೇ ಸರಿಯಾದ ಉಚ್ಚಾರ.

'ನೈಸ್' ಎಂದೇ ಬರೆಯೋಣವೆಂದರೆ ಇನ್ನೊಂದು ತೊಡಕುಂಟು. ಆ ರೂಪದ ಮಾತು ಕನ್ನಡದಲ್ಲಿ ಈಗಾಗಲೇ ಮನೆ ಮಾಡಿದೆ. ಗೃಹಿಣಿಯರು 'ಹಿಟ್ಟನ್ನು ನೈಸಾಗಿ ರುಬ್ಬು' ಎನ್ನುತ್ತಾರೆ. ಸವಿಮಾತಾಡಿ ಕೆಲಸ ಮಾಡಿಸಿಕೊಳ್ಳುವವನನ್ನು 'ನೈಸಾಗಿ ಮಾತಾಡುತ್ತಾನೆ' ಎನ್ನುತ್ತೇವೆ. ಇದು ಚೆಲುವು, ಸೊಗಸು ಎಂಬರ್ಥದ ಇಂಗ್ಲಿಷಿನ ಬೇರೊಂದು ಪದ. ಕನ್ನಡಕ್ಕೆ ಬಂದು 'ನುಣುಪು' ಎಂಬರ್ಥವನ್ನು ತಾಳಿದ್ದಕ್ಕೆ, ಇಲ್ಲಿ ಮೊದಲೇ ಇದ್ದ 'ನಯ' ಎಂಬ ಮಾತು ಕಾರಣವೆಂದು ನನಗೆ ತೋರುತ್ತದೆ. 'ನಯವಾಗಿ' ಎನ್ನುವ ಕಡೆಯಲ್ಲೆಲ್ಲ 'ನೈಸಾಗಿ' ಸಲೀಸಾಗಿ ಕೂಡುತ್ತದೆ. ಆ ಇಂಗ್ಲಿಷ್ ಪದದ ಪೂರ್ವಚರಿತ್ರೆ ಮಾತ್ರ ಅಷ್ಟು ನಯವಾದದ್ದಲ್ಲ. ಲ್ಯಾಟಿನ್ನಿನ 'ನೆಸ್ಕಿಯುಸ್' ಅದರ ಮೂಲ. 'ಏನೂ ತಿಳಿಯದವನು' ಎಂದು ಅದರ ಅರ್ಥ. ಹಳೆಯ ಇಂಗ್ಲಿಷರು ದಡ್ಡನನ್ನು 'ನೈಸ್' ಎಂದು ಕರೆಯುತ್ತಿದ್ದ ಕಾಲವೊಂದಿತ್ತು. ಈಗಿನವರಿಗೆ ಹಾಗೆ ಹೇಳಿದರೆ ಧನ್ಯವಾದ ಬರುತ್ತದೆ.

ಮೂರನೆಯ ನೈಸ್ ಒಂದುಂಟು. ಎಲೆಕ್ಟ್ರಾನಿಕ್ ಸಿಟಿಯ ಬಳಿ ಹೊಸೂರು ರಸ್ತೆಯಿಂದ ಹೊರಟು, ನಗರವನ್ನು ಪಶ್ಚಿಮದಿಂದ ಬಳಸಿ, ಪೀಣ್ಯದಾಚೆ ತುಮಕೂರು ರಸ್ತೆಯನ್ನು ಕೂಡುವ ಸುಂಕದ ಹೆದ್ದಾರಿಯ ಹೆಸರು ಅದು. ನಂದಿ ಇನ್‌ಫ್ರಾಸ್ಟ್ರಕ್ಚರ್ ಕಾರಿಡಾರ್ ಎಂಟರ್‌ಪ್ರೈಸಸ್ ಎಂಬ ಸಂಸ್ಥೆಯ ಹೆಸರಿನ ಮೊದಲಕ್ಷರಗಳಿಂದ ಕಟ್ಟಿದ ಮಾತು. ದಿನವೂ ಸಾವಿರಾರು ಜನ ಆ 'ನೈಸ್ ರೋಡ'ನ್ನು ಹಿಡಿದು ಕಾರ್ಖಾನೆಗಳಿಗೂ ಕಂಪ್ಯೂಟರ್ ಕಚೇರಿಗಳಿಗೂ ಹೋಗಿಬರುತ್ತಾರೆ. ದಾರಿಯಲ್ಲಿ ತುರಹಳ್ಳಿಯ ಕಡೆ ಗುಡ್ಡದ ಮೇಲೆ ಕಾಣುವ ದೊಡ್ಡ ಗುಂಡುಗಳು ನಿಜವಾದ ನೈಸಿನವು. ನೈಸ್ ರಸ್ತೆಯ ನೈಸ್ ಡಾಂಬರಿನ ಮೇಲಿಂದ ನೈಸ್ ಬಂಡೆಯನ್ನು ನೋಡಬಹುದಾದ ಸ್ಥಳ ಜಗತ್ತಿನಲ್ಲಿ ಇದೊಂದೇ ಇರಬೇಕು. ಮೂರನ್ನೂ ಇಂಗ್ಲಿಷರು ಒಂದೇ ಬಗೆಯಾಗಿ ಉಚ್ಚರಿಸುತ್ತಾರೆ. ಬರೆದಾಗಲೇ ಬೇರೆ ಬೇರೆ ತಿಳಿಯುವುದು. ಕನ್ನಡದ ಬರಹದಲ್ಲಿ ಆ ಅನುಕೂಲವಿಲ್ಲ. 'ನೈಸ್ ಶಿಲೆ' ಎಂದು ಪಾಠದಲ್ಲಿ ಕೇಳಿದ ಹುಡುಗ ಅದನ್ನು ನುಣುಪಾದ ಕಲ್ಲೆಂದು ತಿಳಿದರೆ ಆಶ್ಚರ್ಯವಿಲ್ಲ. ಕಲ್ಲೋ, ಬಲು ಒರಟು.

ಅಕ್ಷರವನ್ನು ಹಿಡಿದು 'ಗ್ನೈಸ್' ಎಂದು ಬರೆಯಬೇಕೆನ್ನುವವರಿಗೆ ಇದೊಂದು ವಾದ. ಮುಂದೆ ಇಂಗ್ಲಿಷ್ ಗ್ರಂಥಗಳನ್ನು ಓದಬೇಕಾದ ವಿದ್ಯಾರ್ಥಿಗೆ ಗಕಾರವಿದ್ದರೆ ಗುರುತು ಹತ್ತುವುದು ಸುಲಭ ಎಂಬುದು ಅವರ ಇನ್ನೊಂದು ವಾದ. ಎರಡರಲ್ಲಿಯೂ ಹುರುಳಿಲ್ಲವೆಂದು ನಾನು ಹೇಳುವುದಿಲ್ಲ. ಆದರೆ ಆ ಗುರುತಿನ ಬೆಲೆಯನ್ನು ತೆರುವವನು ಯಾರು? ಇಂಗ್ಲಿಷ್ ಶಾಲೆಯಲ್ಲಿ ಓದಿದವನಿಗೆ ಗುರುತು ಬೇಕಾಗಿಲ್ಲ. ಕನ್ನಡ ಶಾಲೆಯಲ್ಲಿ ಓದಿದವನು ಸಭೆಯಲ್ಲಿ ತಲೆ ತಗ್ಗಿಸಿ ತೆರುತ್ತಾನೆ. ಪರರ ಹೆಸರನ್ನು ತಮ್ಮ ಕಿವಿಗೆ ಕೇಳಿದಂತೆ ಬರೆದುಕೊಳ್ಳುವುದು ಎಲ್ಲ ಜನಾಂಗಗಳೂ ನಡಸಿಕೊಂಡು ಬಂದ ಪದ್ಧತಿ. ಎಲೆಕ್ಟ್ರಾನಿಕ್ ಸಿಟಿಗೆ ಸಮೀಪದ ಬೇಗೂರಿನಲ್ಲಿ, ಸುಮಾರು ಕ್ರಿ.ಶ. 890ರದೆನ್ನಲಾದ ವೀರಗಲ್ಲಿನ ಶಾಸನದಲ್ಲಿ, 'ಬೆಂಗಳೂರು' ಎಂಬ ಹೆಸರು ಕನ್ನಡ ಲಿಪಿಯಲ್ಲಿ ನಿಂತಿದೆ. ಅದನ್ನು ಇಂಗ್ಲಿಷರು ತಮಗೆ ಒಗ್ಗಿದಂತೆ 'ಬ್ಯಾಂಗಲೋರ್' ಎಂದು ಬರೆದರು. ಹಾಗೆ ಬರೆದದ್ದಕ್ಕಾಗಿ ಅವರನ್ನು ನೋಡಿ ಯಾರೂ ನಕ್ಕಂತಿಲ್ಲ. 2014ರ ನವೆಂಬರ್ 1ರಂದು ಅವರ ಅಕ್ಷರಗಳಲ್ಲಿಯೂ 'ಬೆಂಗಳೂರು' ಎಂದೇ ಬರೆಯುವುದು ಅಧಿಕೃತವಾಯಿತು.

ಆ ಹುಡುಗನ ತಂದೆಯ ವಿಷಯ ಹೇಳಿದೆನಷ್ಟೆ. ಬಂಡೆಯನ್ನು ಸುತ್ತಿಗೆಯಿಂದ ತಟ್ಟಿ, ದನಿ ಕೇಳಿ, ಆಮೇಲೆಯೇ ಚಾಣ ಇಡುವುದು ಅವರ ರೂಢಿಯೆಂದು ಮಗ ಹೇಳಿದ. ಇದು ಇಂದಿನ ಮಾತಲ್ಲ. 1895ರಲ್ಲಿ ಎಚ್. ವಾರ್ತ್ ಎಂಬ ವಿದ್ವಾಂಸರು ಲಂಡನ್ನಿನ 'ನೇಚರ್' ಪತ್ರಿಕೆಯಲ್ಲಿ ಬೆಂಗಳೂರಿನ ಕಲ್ಲುಕುಟಿಗರು ಚಪ್ಪಡಿ ಎಬ್ಬಿಸುವ ಕ್ರಮವನ್ನು ವರ್ಣಿಸಿದ್ದಾರೆ. ಹಾಸುಬಂಡೆಯ ಮೇಲೆ ಒಣಸೌದೆಯಿಂದ ಸಣ್ಣ ಸಾಲಾಗಿ ಬೆಂಕಿ ಒಟ್ಟುತ್ತಿದ್ದರು. ಕಾದ ಮೇಲ್ಪದರ ಹಿಗ್ಗಿ ಕೆಳಗಿನ ಬಂಡೆಯಿಂದ ಬಿಡತೊಡಗುತ್ತಿತ್ತು. ಬೆಂಕಿಯ ಮುಂದಿನ ಕಲ್ಲನ್ನು ಸುತ್ತಿಗೆಯಿಂದ ತಟ್ಟಿ ನೋಡುವರು, ಬಿಟ್ಟಿದೆಯೆಂದು ತಿಳಿದರೆ ಬೆಂಕಿಯನ್ನು ಕೆಲವೇ ಅಂಗುಲ ಮುಂದಕ್ಕೆ ತಳ್ಳುವರು, ಮತ್ತೆ ತಟ್ಟುವರು. ಹೀಗೆ ಬೆಂಕಿಯ ಸಾಲು ಮೆಲ್ಲನೆ ಸರಿಯುತ್ತ, ಕೆಲವು ಅಂಗುಲ ದಪ್ಪದ ವಿಶಾಲವಾದ ಹಾಳೆಯೊಂದು ತಾಯಿಬಂಡೆಯಿಂದ ಬೇರೆಯಾಗಿ ಏಳುತ್ತಿತ್ತು. ಸಿಡಿಮದ್ದಿಲ್ಲ, ಯಂತ್ರವಿಲ್ಲ. ಸೀಳು ಎಲ್ಲಿಯವರೆಗೆ ಹೋಗಿದೆ ಎಂಬುದು ಕಣ್ಣಿಗೆ ಕಾಣದು. ತಿಳಿಯುವುದು ಸುತ್ತಿಗೆಯ ದನಿಯಿಂದಲೇ. ಹೊಲದ ಬದುಗಳಲ್ಲಿ, ಹಳೆಯ ಮನೆಗಳ ಸೂರಿನಲ್ಲಿ, ತೋಟದ ಬೇಲಿಯಲ್ಲಿ ಇಂದಿಗೂ ಕಾಣುವ ಉದ್ದುದ್ದನೆಯ ಕಲ್ಲುಚಪ್ಪಡಿ, ಕಲ್ಲುಕಂಬಗಳ ಹಿಂದೆ ಇಂಥ ಕಿವಿಗಳಿದ್ದವು.

ವಾರ್ತ್ ಅವರ ಲೇಖನದ ತಲೆಬರಹದಲ್ಲಿಯೂ ಇರುವುದು 'ಗ್ರಾನೈಟ್' ಎಂದೇ. ವ್ಯಾಪಾರದ ಭಾಷೆಯಲ್ಲಿ ನೈಸ್ ಎಂಬ ಮಾತಿಗೆ ಎಡೆಯಿಲ್ಲ. ಜಿಗಣಿಯ ಕಾರ್ಖಾನೆಗಳಲ್ಲಿ ಕೊಯ್ದು, ಉಜ್ಜಿ, ಹೊಳಪಿಟ್ಟು ಮಾರುವ ಪಟ್ಟೆಗಲ್ಲುಗಳೂ ಗ್ರಾನೈಟೆಂದೇ ಮಾರಾಟವಾಗುತ್ತವೆ. ಅಡುಗೆಮನೆಯ ಕಟ್ಟೆಗೆ ಹಾಸುವ ಕಲ್ಲಿನಲ್ಲಿ ಕಪ್ಪು ಬಿಳಿ ಎಳೆಗಳು ಅಲೆಯಲೆಯಾಗಿ ಹರಿದಿದ್ದರೆ ಅದು ಬಹುಶಃ ನೈಸ್ ಎಂದು ತಿಳಿಯಬಹುದು. ಹಿಟ್ಟು ನೈಸಾಗಿ ರುಬ್ಬುವ ಯಂತ್ರವನ್ನು ಈಗ ಅದರ ಮೇಲೆಯೇ ಇಟ್ಟಿರುತ್ತೇವೆ.

ಮೇಲೆ 'ಪಟ್ಟೆಗಲ್ಲು' ಎಂದು ಬರೆದೆನಲ್ಲ, ಪಠ್ಯಪುಸ್ತಕಗಳನ್ನು ರಚಿಸುವವರು ಆ ಮಾತನ್ನು ಪರಿಶೀಲಿಸಬಹುದು. ಕಲ್ಲಿನ ಲಕ್ಷಣವೇ ಅದರ ಹೆಸರಾಗುತ್ತದೆ. ಕೇಳಿದವನು ಬಂಡೆಯ ಮುಂದೆ ನಿಂತಾಗ ಅದನ್ನು ಗುರುತಿಸಬಲ್ಲ. ಮೊದಲ ಸಲ 'ನೈಸ್ ಎಂಬ ಪಟ್ಟೆಗಲ್ಲು' ಎಂದು ಬರೆದು, ಆಮೇಲೆ ಸಂದರ್ಭಕ್ಕೆ ಒಪ್ಪುವುದನ್ನು ಬಳಸಿದರೆ, ಅಡುಗೆಯ ನೈಸಿಗೂ ರಸ್ತೆಯ ನೈಸಿಗೂ ಇದಕ್ಕೂ ಗೊಂದಲವುಂಟಾಗದು. ವಿಭಕ್ತಿ ಹಚ್ಚುವಾಗ 'ಬಸ್ಸಿನ', 'ಕಾರಿನ' ಎನ್ನುವಂತೆ 'ನೈಸಿನ' ಎನ್ನಲು ಯಾವ ಅಡ್ಡಿಯೂ ಇಲ್ಲ. ಇಂಗ್ಲಿಷಿನ ಆರು ಅಕ್ಷರಗಳನ್ನು ತಿಳಿಸಲೇಬೇಕೆಂದರೆ ಅದಕ್ಕೆ ಪುಸ್ತಕದ ಕೊನೆಯ ಶಬ್ದಸೂಚಿಯಿದೆ. ಮೂಕ ಗಕಾರ ಅಲ್ಲಿ ಯಾರಿಗೂ ತೊಂದರೆ ಕೊಡದೆ ಇರಬಲ್ಲುದು.

ಪಟ್ಟೆಗಳನ್ನು ಕಣ್ಣಾರೆ ನೋಡಬೇಕೆನ್ನುವ ಅಧ್ಯಾಪಕರು ವಿದ್ಯಾರ್ಥಿಗಳನ್ನು ಕರೆದುಕೊಂಡು ಲಾಲ್‌ಬಾಗಿನ ಬಂಡೆಗೆ ಹೋಗಬಹುದು. ಮಳೆ ಬಂದು ನಿಂತ ಮೇಲೆ ಹೋಗುವುದು ಲೇಸು. ಧೂಳು ತೊಳೆದ ಒದ್ದೆಕಲ್ಲಿನಲ್ಲಿ ಕಪ್ಪು ಬಿಳಿಯ ಎಳೆಗಳು ಸ್ಪಷ್ಟವಾಗಿ ಕಾಣುತ್ತವೆ, ಬಿಸಿಲು ಮೂಡಿದರೆ ಕಾಗೆಬಂಗಾರವೂ ಅಲ್ಲಲ್ಲಿ ಮಿನುಗುತ್ತದೆ.